ಸೊರಗಿದ ಜೂನಿಪರ್ ಬೋನ್ಸಾಯ್‌ನ ಪುನರುಜ್ಜೀವನ

ಜಪಾನೀ ಭಾಷೆಯಲ್ಲಿ 'ಬೋನ್' ಎಂದರೆ ಆಳವಿಲ್ಲದ ತಟ್ಟೆ. 'ಸಾಯ್' ಎಂದರೆ ನೆಡುವಿಕೆ. ಈ ಎರಡರ ಸಂಯೋಗದಿಂದಾದ 'ಬೋನ್ಸಾಯ್' ಎಂಬ ಶಬ್ದಕ್ಕೆ ತಟ್ಟೆಯಲ್ಲಿ ನೆಟ್ಟ ಗಿಡ ಎಂಬಿಷ್ಟೇ ಅರ್ಥ. ಚೀನಾ ದೇಶದಲ್ಲಿ ಉದಿಸಿದ ಈ ವಿದ್ಯೆಯು ಜಪಾನಿನಲ್ಲಿ ಪರಿಷ್ಕಾರವನ್ನು ಪಡೆದು ಲೋಕಪ್ರಸಿದ್ಧವಾಯಿತು. 1923ರ ಮಹಾಭೂಕಂಪದ ತರುವಾಯ ಟೋಕಿಯೋ ನಗರದ ಬೋನ್ಸಾಯ್ ಕೃಷಿಕರು ನಿರ್ಮಲವಾದ ನೀರು, ಗಾಳಿ, ಮಣ್ಣುಗಳನ್ನು ಅರಸಿ ಹೊರಟು, 1925ರಲ್ಲಿ ಓಮಿಯಾ ಎಂಬಲ್ಲಿ ಒಂದು ಬೋನ್ಸಾಯ್ ಗ್ರಾಮವನ್ನೇ ಕಟ್ಟಿದರು. ಅಲ್ಲಿನ ಕುಟುಂಬಗಳಲ್ಲಿ ಮರವು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಸಲ್ಲುವ ಸೊತ್ತು. ಹಿರೋಷಿಮಾದ ಯಾಮಾಕಿ ಮನೆತನದವರು 1976ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಕೊಟ್ಟ ಬಿಳಿ ಪೈನ್ ಮರವೊಂದು 1625ರಿಂದ ಕುಂಡದಲ್ಲಿ ಬೆಳೆದು ಬಂದುದು; 1945ರ ಅಣುಬಾಂಬಿನ ದಿನವೂ ಅದು ಹಿರೋಷಿಮಾದಲ್ಲಿಯೇ ಇದ್ದು ಬದುಕಿ ಉಳಿಯಿತು. ಇಂಥ ಮರಕ್ಕೆ ಒಡೆಯನೆಂಬವನು ಕೆಲವು ಕಾಲದ ಕಾವಲುಗಾರನು ಮಾತ್ರ. ಆದುದರಿಂದ ಮರವು ಸೊರಗತೊಡಗಿದಾಗ ಅದನ್ನು ಉಳಿಸಿಕೊಳ್ಳುವ ವಿಧಾನವನ್ನು ಅರಿತಿರುವುದು ಪಾಲಕನ ಪ್ರಥಮ ಕರ್ತವ್ಯವೆನಿಸುತ್ತದೆ.

ಬೋನ್ಸಾಯ್‌ಗೆ ಒಗ್ಗುವ ವೃಕ್ಷಗಳಲ್ಲಿ ಜೂನಿಪರ್ ಅಗ್ರಗಣ್ಯವಾದುದು. ಇದರ ಕುಲಕ್ಕೆ ಸೇರಿದ ಹಿಮಾಲಯದ ಒಂದು ಗಿಡದ ಫಲವನ್ನು ನಮ್ಮ ಆಯುರ್ವೇದವು 'ಹಪುಷಾ' ಎಂಬ ಹೆಸರಿನಿಂದ ಬಲ್ಲುದು. ಜಪಾನಿನಲ್ಲಿ 'ಶಿಂಪಾಕು' ಎಂದು ಕರೆಯಲ್ಪಡುವ ಪ್ರಭೇದವು ಬೆಟ್ಟದ ಕಡಿದಾದ ಬಂಡೆಗಳ ಬಿರುಕಿನಲ್ಲಿ ಬೇರೂರಿ, ಗಾಳಿ ಹಿಮಗಳನ್ನು ಸಹಿಸಿ ಬೆಳೆಯತಕ್ಕದ್ದು. ಈಟೋಯಿಗಾವಾ ಪ್ರದೇಶದ ಸುಣ್ಣಕಲ್ಲಿನ ಬಂಡೆಗಳಿಂದ ಹಗ್ಗಕ್ಕೆ ಜೋತುಬಿದ್ದು ಇದನ್ನು ಕಿತ್ತು ತರುತ್ತಿದ್ದ ಸಾಹಸಿಗಳಿದ್ದರು. ಬಯಲು, ಬಿಸಿಲು, ಗಾಳಿ, ನೀರು ನಿಲ್ಲದ ನೆಲ, ಚಳಿಗಾಲದ ವಿಶ್ರಾಂತಿ, ಇವು ಆ ಗಿಡದ ಜನ್ಮಸಿದ್ಧವಾದ ಬೇಡಿಕೆಗಳು. ಸೊರಗಿದ ಜೂನಿಪರ್‌ನ ಕಥೆಯನ್ನು ಬಿಡಿಸಿ ನೋಡಿದರೆ ಬಹುಮಟ್ಟಿಗೆ ಈ ಬೇಡಿಕೆಗಳಲ್ಲೊಂದು ತಪ್ಪಿರುವುದು ಕಂಡುಬರುತ್ತದೆ.

ಚಿಕಿತ್ಸೆಗೆ ಮೊದಲು ನಿದಾನ ಅವಶ್ಯಕ. ಜೂನಿಪರ್‌ನ ವಿಷಯದಲ್ಲಿ ಇದು ಸುಲಭಸಾಧ್ಯವಲ್ಲ. ಬೇರು ಸತ್ತ ಮೇಲೂ ಈ ಗಿಡದ ಎಲೆಗಳು ಹಲವು ವಾರಗಳ ಕಾಲ ಹಸಿರಾಗಿಯೇ ಇರುತ್ತವೆ. ಬಣ್ಣ ಕೆಡುವ ಹೊತ್ತಿಗೆ ರೋಗವು ಹಳೆಯದಾಗಿರುತ್ತದೆ. ಆರೋಗ್ಯವುಳ್ಳ ಗಿಡದ ಕುಡಿಗಳು ತಿಳಿಹಸಿರಾಗಿ ಮುಂದಕ್ಕೆ ಚಾಚುತ್ತವೆ. ಕುಡಿಯ ಬೆಳವಣಿಗೆ ನಿಂತು, ಹಸಿರು ಮಂಕಾಗಿ, ಎಲೆಯನ್ನು ಬೆರಳಿನಿಂದ ಉಜ್ಜಿದರೆ ಪುಡಿಯಾಗುವಂತಿದ್ದರೆ ಅಪಾಯವುಂಟೆಂದು ತಿಳಿಯಬೇಕು. ರೆಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದಾಗ ಒಳಗೆ ಹಸಿರೂ ತೇವವೂ ಕಂಡರೆ ಆ ರೆಂಬೆ ಇನ್ನೂ ಜೀವಂತ. ಕಂದಾಗಿ ಒಣಗಿದ್ದರೆ ಅದರ ಆಸೆಯನ್ನು ಬಿಡತಕ್ಕದ್ದು. ಆದರೆ ಒಳಭಾಗದ ಹಳೆಯ ಎಲೆಗಳು ಶರತ್ಕಾಲದಲ್ಲಿ ಕಂದಾಗಿ ಉದುರುವುದೂ, ಚಳಿಯಲ್ಲಿ ಗಿಡವು ತಾಮ್ರವರ್ಣವನ್ನು ತಾಳುವುದೂ ಸಹಜಧರ್ಮ. ಅದನ್ನು ಕಂಡು ಗಾಬರಿಯಾಗಬೇಕಾಗಿಲ್ಲ.

ರೋಗದ ಕಾರಣಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಮನೆಯೊಳಗಿನ ವಾಸ. ಅಲಂಕಾರಕ್ಕೆಂದು ಮೇಜಿನ ಮೇಲಿಟ್ಟ ಜೂನಿಪರ್ ಬೆಳಕಿಲ್ಲದೆ ಕೆಲವು ತಿಂಗಳುಗಳಲ್ಲಿ ಕ್ಷಯಿಸುತ್ತದೆ. ಎರಡನೆಯದು ಬೇರು ಕೊಳೆಯುವಿಕೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಜೇಡಿಮಣ್ಣು ತುಂಬಿದ ಕುಂಡಕ್ಕೆ ದಿನವೂ ನೀರೆರೆದರೆ ಮಣ್ಣಿನ ಸಂದುಗಳೆಲ್ಲ ಮುಚ್ಚಿ, ಬೇರು ಉಸಿರುಗಟ್ಟಿ ಕಪ್ಪಗೆ ಮೆತ್ತಗಾಗುತ್ತದೆ, ದುರ್ವಾಸನೆ ಬರುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಮೂರನೆಯದು ನುಸಿ. ಶುಷ್ಕವಾದ ಬೇಸಗೆಯಲ್ಲಿ ಎಲೆಗಳು ಧೂಳು ಮೆತ್ತಿದಂತೆ ಬೂದುಬಣ್ಣಕ್ಕೆ ತಿರುಗಿದರೆ, ರೆಂಬೆಯ ಕೆಳಗೆ ಬಿಳಿಯ ಕಾಗದವನ್ನು ಹಿಡಿದು ಮೆಲ್ಲಗೆ ತಟ್ಟಬೇಕು. ಕಾಗದದ ಮೇಲೆ ಬಿದ್ದ ಚುಕ್ಕೆಗಳು ಹರಿದಾಡಿದರೆ ನುಸಿಯೇ ಕಾರಣವೆಂದು ನಿಶ್ಚಯ. ನಾಲ್ಕನೆಯದು ಶಿಲೀಂಧ್ರದಿಂದುಂಟಾಗುವ ಕುಡಿರೋಗ. ತೇವದ ದಿನಗಳಲ್ಲಿ ಎಳೆಯ ಕುಡಿಗಳು ಮೊದಲು ಒಣಗಿ, ಒಣಗಿದ ಭಾಗದಲ್ಲಿ ಸೂಕ್ಷ್ಮವಾದ ಕಪ್ಪು ಚುಕ್ಕೆಗಳು ಕಾಣಿಸುತ್ತವೆ.

ಚಿಕಿತ್ಸೆಯು ಗಿಡವನ್ನು ಹೊರಗೆ ತರುವುದರಿಂದ ಆರಂಭವಾಗತಕ್ಕದ್ದು. ಆದರೆ ಕತ್ತಲೆಯಲ್ಲಿದ್ದ ಗಿಡವನ್ನು ಒಮ್ಮೆಲೇ ಕಡುಬಿಸಿಲಿಗೆ ಒಡ್ಡಬಾರದು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ದೊರೆಯುವ, ಬಿರುಗಾಳಿ ಬೀಸದ ಎಡೆಯು ಉತ್ತಮ. ಕುಂಡದ ಮೇಲೆ ಅಂಟಿಸಿದ ಕಲ್ಲುಗಳಿದ್ದರೆ ತೆಗೆದುಹಾಕಿ, ತಳದ ರಂಧ್ರಗಳು ತೆರೆದಿವೆಯೇ ಎಂದು ನೋಡಬೇಕು. ಮೇಲ್ಮಣ್ಣು ಒಣಗತೊಡಗಿದೆಯೆಂದು ಬೆರಳಿಟ್ಟು ತಿಳಿದ ಬಳಿಕವೇ ನೀರೆರೆಯಬೇಕು. ಎರೆದಾಗ ತಳದಿಂದ ಹೊರಹರಿಯುವಷ್ಟು ಎರೆಯಬೇಕು. ನೀರೆರೆಯುವುದನ್ನು ಕಲಿಯಲು ಮೂರು ವರ್ಷ ಬೇಕೆಂಬ ನಾಣ್ಣುಡಿ ಜಪಾನಿನ ಬೋನ್ಸಾಯ್ ತೋಟಗಳಲ್ಲಿದೆ. ಬೆಂಗಳೂರಿನಂಥ ನಮ್ಮ ಊರುಗಳಲ್ಲಿ ಜೂನಿಪರ್ ಸಾಕುವವರು ಮಳೆಗಾಲದಲ್ಲಿ ಕುಂಡದ ಒಂದು ಬದಿಗೆ ಮರದ ತುಂಡನ್ನು ಕೊಟ್ಟು ಓರೆಯಾಗಿಸಿದರೆ ಹೆಚ್ಚಿನ ನೀರು ತಾನೇ ಹರಿದುಹೋಗುತ್ತದೆ.

ನುಸಿಯಿದ್ದಲ್ಲಿ ಎಲೆಗಳ ಕೆಳಬದಿಗೆ ರಭಸದಿಂದ ನೀರು ಹಾಯಿಸಿ ತೊಳೆಯಬೇಕು. ಮೊಟ್ಟೆಗಳು ಉಳಿದು ಮತ್ತೆ ಮರಿಯಾಗುವುದರಿಂದ ಕೆಲವು ದಿನಗಳಿಗೊಮ್ಮೆ ಇದನ್ನು ಪುನರಾವರ್ತಿಸಬೇಕು. ಕುಡಿರೋಗವಿದ್ದಲ್ಲಿ ಒಣಹವೆಯ ದಿನ ರೋಗದ ಕುಡಿಗಳನ್ನು ಕತ್ತರಿಸಿ ದೂರ ಹಾಕಿ, ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಸಂಜೆಯ ಹೊತ್ತು ಎಲೆ ನೆನೆಸುವುದನ್ನು ನಿಲ್ಲಿಸಬೇಕು.

ಬೇರು ಕೊಳೆತ ಗಿಡದ ಚಿಕಿತ್ಸೆ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಮಣ್ಣನ್ನು ಬದಲಿಸಲು ವಸಂತದ ಆರಂಭ, ಅಂದರೆ ಹೊಸ ಚಿಗುರು ಹೊರಡುವುದಕ್ಕೆ ಸ್ವಲ್ಪ ಮುಂಚಿನ ಕಾಲ, ಪ್ರಶಸ್ತ. ಆಗಲೂ ಹಳೆಯ ಮಣ್ಣನ್ನೆಲ್ಲ ತೊಳೆದು ಬೇರನ್ನು ಬೆತ್ತಲೆಗೊಳಿಸಬಾರದು. ಅರ್ಧ ಬೇರುಗಡ್ಡೆಯನ್ನು ಹಾಗೆಯೇ ಬಿಟ್ಟು, ಉಳಿದ ಅರ್ಧದಲ್ಲಿ ಕೊಳೆತುದನ್ನು ಮಾತ್ರ ಕತ್ತರಿಸಿ, ಒರಟು ಕಣಗಳ ಮಿಶ್ರಣವನ್ನು ತುಂಬಬೇಕು. ಜಪಾನೀಯರು 'ಅಕದಾಮ' ಎಂಬ ಕೆಂಪು ಜೇಡಿಯ ಕಣಗಳನ್ನೂ ಜ್ವಾಲಾಮುಖಿಯ ಹಗುರಕಲ್ಲನ್ನೂ ಬಳಸುತ್ತಾರೆ. ಉಳಿದರ್ಧದ ಸರದಿ ಗಿಡವು ಚೇತರಿಸಿಕೊಂಡ ಬಳಿಕ ಮುಂದಿನ ವರ್ಷಗಳಲ್ಲಿ ಬರತಕ್ಕದ್ದು. ಅಕಾಲದಲ್ಲಿ ಅಪಾಯ ಒದಗಿದರೆ, ಬೇರುಗಡ್ಡೆಯನ್ನು ಕದಲಿಸದೆ ದೊಡ್ಡ ಕುಂಡಕ್ಕಿಳಿಸಿ ಸುತ್ತಲೂ ಒರಟು ಕಣಗಳನ್ನು ತುಂಬುವುದು ಕ್ಷೇಮ. ಗಿಡವು ಗಾಳಿಗೆ ಅಲುಗಿದರೆ ಹೊಸ ಬೇರಿನ ತುದಿಗಳು ಮುರಿಯುವುದರಿಂದ ಅದನ್ನು ತಂತಿಯಿಂದ ಕುಂಡಕ್ಕೆ ಬಿಗಿಯಬೇಕು.

ಇನ್ನು ಮಾಡಬಾರದ ಕಾರ್ಯಗಳನ್ನು ಹೇಳಬೇಕು. ದುರ್ಬಲವಾದ ಗಿಡಕ್ಕೆ ಗೊಬ್ಬರ ಹಾಕಿದರೆ ಜ್ವರಪೀಡಿತನಿಗೆ ಹೋಳಿಗೆ ಬಡಿಸಿದಂತೆ. ಹೊಸ ಬೆಳವಣಿಗೆ ಕಾಣುವವರೆಗೆ ಅದು ಕೂಡದು. ಹಸಿರನ್ನು ಕತ್ತರಿಸುವುದೂ ಕೂಡದು. ಜೂನಿಪರ್‌ನ ಶಕ್ತಿಯೆಲ್ಲ ಅದರ ಎಲೆಗಳಲ್ಲಿದೆ. ಹೊಸ ಬೇರಿಗೆ ಆಹಾರವನ್ನು ಒದಗಿಸುವುದು ಆ ಎಲೆಗಳೇ. ಆಯಾಸಗೊಂಡ ಗಿಡವು ಚರ್ಮಪರೆಯಂಥ ಪ್ರೌಢ ಎಲೆಗಳ ಬದಲು ಬಾಲ್ಯಾವಸ್ಥೆಯ ಮುಳ್ಳೆಲೆಗಳನ್ನು ಬಿಡುವುದುಂಟು. ಅವು ಅಂದಗೆಡಿಸುತ್ತವೆಂದು ಚಿವುಟದೆ ಬಿಟ್ಟರೆ ಕಾಲಕ್ರಮದಲ್ಲಿ ಪ್ರೌಢ ಎಲೆಗಳು ಮರಳುತ್ತವೆ. ತಂತಿ ಸುತ್ತಿ ರೂಪ ತಿದ್ದುವ ಕೆಲಸವನ್ನೂ ಒಂದೆರಡು ವರ್ಷ ಮುಂದೂಡತಕ್ಕದ್ದು.

ಇಷ್ಟು ಮಾಡಿದರೂ ಒಂದೆರಡು ರೆಂಬೆಗಳು ಒಣಗಬಹುದು. ಜೂನಿಪರ್‌ನಲ್ಲಿ ಒಂದೊಂದು ರೆಂಬೆಗೂ ಒಂದೊಂದು ಬೇರಿಗೂ ನೇರವಾದ ಜೀವನಾಳದ ಸಂಬಂಧವಿದೆ. ಬೇರು ಸತ್ತರೆ ಅದರ ಸಾಲಿನ ರೆಂಬೆಯೂ ಕಾಂಡದ ಆ ಪಟ್ಟಿಯೂ ಸಾಯುತ್ತವೆ. ಮಿಕ್ಕ ಪಟ್ಟಿಗಳು ಬದುಕುತ್ತವೆ. ಗಿಡವು ಬಲಗೊಂಡ ಬಳಿಕ ಸತ್ತ ರೆಂಬೆಯ ತೊಗಟೆಯನ್ನು ಸುಲಿದು, ಸುಣ್ಣ ಗಂಧಕಗಳ ದ್ರಾವಣವನ್ನು ಲೇಪಿಸಿದರೆ ಅದು ಕೊಳೆಯದೆ ಬೆಳ್ಳಗೆ ಉಳಿಯುತ್ತದೆ. ಇಂಥ ಒಣರೆಂಬೆಯನ್ನು ಜಪಾನೀಯರು 'ಜಿನ್' ಎಂದೂ, ಕಾಂಡದ ಒಣಪಟ್ಟಿಯನ್ನು 'ಶಾರಿ' ಎಂದೂ ಕರೆದು, ಮರದ ಕುಂದೆಂದೆಣಿಸದೆ ಅದರ ಭೂಷಣವೆಂದು ಗೌರವಿಸುತ್ತಾರೆ. ಬಿಳಿಯ ಒಣಗಟ್ಟಿಗೆಯ ಮಗ್ಗುಲಲ್ಲಿ ಕೆಂಗಂದು ತೊಗಟೆಯ ಜೀವನಾಳವೊಂದು ಸುತ್ತಿ ಮೇಲೇರಿ ಹಸಿರನ್ನು ಹೊತ್ತಿರುವ ವೃದ್ಧ ಶಿಂಪಾಕುಗಳೇ ಅಲ್ಲಿ ಅತ್ಯಂತ ಬೆಲೆಯುಳ್ಳವು.

ಸೊರಗಿದ ಗಿಡಕ್ಕೆ ಪಾಲಕನು ಕೊಡಬಹುದಾದ ಅತ್ಯುತ್ತಮ ಔಷಧ ಸರಿಯಾದ ಸ್ಥಳ, ಹಿತಮಿತವಾದ ನೀರು ಮತ್ತು ತಾಳ್ಮೆ. ಚೇತರಿಕೆಗೆ ಒಂದು ವರ್ಷವಾಗಬಹುದು, ಎರಡಾಗಬಹುದು. ಅಷ್ಟು ಕಾಲ ದಿನವೂ ನೋಡುತ್ತಾ, ಅನಾವಶ್ಯಕವಾಗಿ ಕೈಯಿಡದೆ ಕಾಯಬಲ್ಲವನ ಕುಂಡದಲ್ಲಿ ತಿಳಿಹಸಿರಿನ ಕುಡಿ ಮತ್ತೆ ಮೂಡುತ್ತದೆ. ಮರವು ಮುಂದಿನ ತಲೆಮಾರಿಗೆ ಸಲ್ಲುತ್ತದೆ.