ಕಿವಿಗೆ ಒಂದೇ, ಬರೆದರೆ ಮೂರು

ಫ್ರೆಂಚ್ ಭಾಷೆಯಲ್ಲಿ ‘ಪಾರ್ಲೆ’ ಎಂದರೆ ಮಾತಾಡುವುದು. (ಬಿಸ್ಕತ್ತಿಗೂ ಇದಕ್ಕೂ ಸಂಬಂಧವಿಲ್ಲ!) ‘ನಾನು ಮಾತಾಡುತ್ತೇನೆ’ ಎನ್ನಲು ‘ಜ ಪಾರ್ಲ್’. ನೀನು, ಅವನು, ಅವರು ಎಂದಾಗಲೂ ಕಿವಿಗೆ ಕೇಳುವುದು ಅದೇ ‘ಪಾರ್ಲ್’. ಆದರೆ ಬರೆಯುವಾಗ ‘ನೀನು’ ಬಂದರೆ ಕೊನೆಗೆ ಎಸ್ ಸೇರಿಸಬೇಕು, ‘ಅವರು’ ಬಂದರೆ ಎನ್, ಟಿ ಎರಡನ್ನೂ ಸೇರಿಸಬೇಕು. ಆ ಅಕ್ಷರಗಳನ್ನು ಯಾರೂ ಉಚ್ಚರಿಸುವುದಿಲ್ಲ!

ಹೆಚ್ಚುಕಡಿಮೆ ನುಡಿದಂತೆಯೇ ಬರೆಯುವ ನಮಗೆ ಇದು ವಿಚಿತ್ರ. ಫ್ರಾನ್ಸಿನ ಮಕ್ಕಳಿಗೂ ಇದು ಸುಲಭವಲ್ಲ. ಅಮ್ಮನಿಂದ ಕಲಿತ ಮಾತೇ ಆದರೂ ಬರೆಯಲು ಕೂತಾಗ ತಡವರಿಸುತ್ತಾರೆ. ಆಗ ಅವರು ತೆರೆಯುವ ಪುಸ್ತಕ ‘ಬೆಶರೆಲ್’. ಲೂಯಿ ನಿಕೋಲಾ ಬೆಶರೆಲ್ ಎಂಬ ವಿದ್ವಾಂಸರು ತಮ್ಮ ತಮ್ಮನ ಜೊತೆ ಸೇರಿ 1842ರಲ್ಲಿ ಕ್ರಿಯಾಪದಗಳ ಕೈಪಿಡಿಯೊಂದನ್ನು ಹೊರತಂದರು. ಇಂದು ಅವರ ಹೆಸರೇ ಅಂಥ ಪುಸ್ತಕದ ಹೆಸರಾಗಿದೆ.

ಈಗಿನ ಬೆಶರೆಲ್‌ನಲ್ಲಿ ಸಾವಿರಾರು ಕ್ರಿಯಾಪದಗಳಿವೆ. ಅಷ್ಟಕ್ಕೂ ಬೇರೆ ಬೇರೆ ಕೋಷ್ಟಕ ಕೊಟ್ಟಿದ್ದರೆ ಪುಸ್ತಕ ಎತ್ತಲು ಇಬ್ಬರು ಬೇಕಾಗುತ್ತಿತ್ತು. ಅದಕ್ಕೊಂದು ಉಪಾಯವಿದೆ. ಹಿಂದಿನ ಪುಟಗಳಲ್ಲಿ ಎಲ್ಲ ಕ್ರಿಯಾಪದಗಳ ಅಕಾರಾದಿ ಪಟ್ಟಿ, ಪ್ರತಿಯೊಂದರ ಪಕ್ಕ ಒಂದು ಸಂಖ್ಯೆ. ಆ ಸಂಖ್ಯೆಯ ಮಾದರಿ ಕೋಷ್ಟಕ ಮುಂದೆ ಇರುತ್ತದೆ. ‘ನಾಜೆ’ (ಈಜು) ಹುಡುಕಿದರೆ ‘ಮಾಂಜೆ’ (ತಿನ್ನು) ಕೋಷ್ಟಕಕ್ಕೆ ಕಳಿಸುತ್ತದೆ. ಎರಡರಲ್ಲೂ ‘ನಾವು’ ಬಂದಾಗ ಜಿ ಅಕ್ಷರದ ಮುಂದೆ ಇ ಉಳಿಸಬೇಕು. ಇಲ್ಲವಾದರೆ ‘ಜ’ ಹೋಗಿ ‘ಗ’ ಆದೀತು.

ಇಂಥ ಮಾದರಿಗಳು ಕನ್ನಡದಲ್ಲೂ ಇವೆ. ಕೊಡು–ಕೊಟ್ಟೆ ಗೊತ್ತಿದ್ದರೆ ಬಿಡು–ಬಿಟ್ಟೆ, ಇಡು–ಇಟ್ಟೆ ತಾನಾಗಿ ಬರುತ್ತವೆ. ಓಡು, ಹಾಡು, ನೋಡು ಇವುಗಳದ್ದು ಬೇರೆ ಮನೆತನ. ‘ಹಾಟ್ಟೆ’ ಎನ್ನುವ ಪುಟ್ಟ ಮಗು ಕೋಷ್ಟಕ ತಪ್ಪಾಗಿ ತೆರೆದಿದೆ, ಅಷ್ಟೆ! ‘ಶಬ್ದಮಂಜರಿ’ ಹಿಡಿದು ರಾಮಃ ರಾಮೌ ರಾಮಾಃ ಬಾಯಿಪಾಠ ಮಾಡಿದ ಅಜ್ಜಂದಿರಿಗಂತೂ ಇದು ಹಳೆಯ ಪರಿಚಯವೇ. ಒಂದು ‘ರಾಮ’ ಬಂದರೆ ಅದೇ ಅಚ್ಚಿನ ನೂರಾರು ಶಬ್ದ ಬಂದಂತೆ.

ಇಡೀ ಪುಸ್ತಕ ಉರುಹೊಡೆಯಲು ಹೋಗಬೇಡಿ. ಫ್ರೆಂಚರೂ ಹಾಗೆ ಮಾಡುವುದಿಲ್ಲ. ಇರು, ಹೊಂದಿರು, ಹೋಗು, ಮಾಡು ಇವು ನಿತ್ಯ ಬೇಕು, ಯಾವ ನಿಯಮಕ್ಕೂ ಬಗ್ಗವು. ಇವನ್ನು ಬಾಯಿಪಾಠ ಮಾಡಿ. ಉಳಿದವಕ್ಕೆ ಮೊದಲು ನೀವೇ ಬರೆದು, ಆಮೇಲೆ ಪುಸ್ತಕ ತೆರೆಯಿರಿ.

ಮೊಮ್ಮಗಳು ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದರೆ, ಆ ಭಾಷೆ ಬಾರದ ಅಜ್ಜಿಯೂ ಪಾಠ ಒಪ್ಪಿಸಿಕೊಳ್ಳಬಹುದು. ಉಚ್ಚಾರಣೆ ಅವಳ ಪಾಲಿಗಿರಲಿ. ಅವಳು ಬರೆದದ್ದನ್ನು ಕೋಷ್ಟಕದ ಪಕ್ಕ ಇಟ್ಟು, ಕೊನೆಯ ಅಕ್ಷರಗಳನ್ನು ಮಾತ್ರ ಬೆರಳಿಟ್ಟು ನೋಡಿ. ತಪ್ಪು ಹೆಚ್ಚಾಗಿ ಅಡಗಿರುವುದು ಅಲ್ಲೇ.