ಹೊಳೆಯ ಆರೋಗ್ಯಕ್ಕೆ ಹುಳುಗಳ ಸಾಕ್ಷಿ

ಪ್ರಶ್ನೆ: ಹೊಳೆ ಶುದ್ಧವೇ ಎಂದು ತಿಳಿಯಲು ತಳದ ಹುಳುಗಳನ್ನು ಹಿಡಿಯುವುದೇಕೆ? ನೀರನ್ನೇ ಪರೀಕ್ಷಿಸಿದರೆ ಸಾಲದೇ?

ಉತ್ತರ: ಸಾಲದು. ಸೀಸೆಯಲ್ಲಿ ತುಂಬಿದ ನೀರು ಆ ಗಳಿಗೆಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ರಾತ್ರಿ ಯಾರೋ ಹರಿಯಬಿಟ್ಟ ಕೊಳೆ ಬೆಳಗಾಗುವಷ್ಟರಲ್ಲಿ ಕೊಚ್ಚಿಹೋಗಿರಬಹುದು. ಕಲ್ಲುಗಳಿಗೆ ಅಂಟಿಕೊಂಡ ಕೀಟಗಳ ಮರಿಗಳು ಮಾತ್ರ ತಿಂಗಳುಗಟ್ಟಲೆ ಅಲ್ಲೇ ಇದ್ದು ಎಲ್ಲವನ್ನೂ ಅನುಭವಿಸುತ್ತವೆ.

ಬ್ರಿಟನ್ನಿನಲ್ಲಿ ಮೂರು ನಿಮಿಷ ಕಾಲಿನಿಂದ ತಳ ಕೆದಕಿ, ಹರಿವಿಗೆ ಬಲೆಯೊಡ್ಡಿ ಇವನ್ನು ಹಿಡಿಯುತ್ತಾರೆ. ಅಲ್ಲಿ ರೂಪುಗೊಂಡ ಬಿಎಂಡಬ್ಲ್ಯುಪಿ (ಬಯಲಾಜಿಕಲ್ ಮಾನಿಟರಿಂಗ್ ವರ್ಕಿಂಗ್ ಪಾರ್ಟಿ) ಪದ್ಧತಿಯಲ್ಲಿ ಹುಳುಗಳ ಪ್ರತಿ ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ; ಕೊಳೆ ಸಹಿಸದವಕ್ಕೆ ಹೆಚ್ಚು, ಸಹಿಸುವವಕ್ಕೆ ಕಡಿಮೆ. ಆಮ್ಲಜನಕ ತಗ್ಗಿದರೆ ಬದುಕದ ಕಲ್ಲುನೊಣದ ಹಲವು ಕುಟುಂಬಗಳಿಗೆ 10, ಸೊಳ್ಳೆಯನ್ನು ಹೋಲುವ ಕೈರೊನೊಮಿಡ್ ಕೀಟಗಳ ಮರಿಗಳಿಗೆ 2. ಈ ಮರಿಗಳಲ್ಲಿ ಕೆಲವು ಕಡುಗೆಂಪು. ಮೈಯಲ್ಲಿ ಹಿಮೊಗ್ಲೋಬಿನ್ ಇರುವುದರಿಂದ ಕೊಳೆತ ಕೆಸರಲ್ಲೂ ಉಸಿರಾಡುತ್ತವೆ. ಎಷ್ಟು ಅದ್ಭುತ! ಆದರೆ ಯಾವ ವಿಷ ಬಿದ್ದಿತೆಂದು ಹುಳುಗಳು ಹೇಳಲಾರವು. ಅದಕ್ಕೆ ಪ್ರಯೋಗಾಲಯವೇ ಬೇಕು.