ದ್ರಾಕ್ಷಿತೋಟಗಳ ನಡುವೆ ಸೈಕಲ್ ಸವಾರಿ

ಸ್ಪೇನ್‌ನ ರಿಯೋಹಾ ವೈನ್ ಸೀಮೆಯಲ್ಲಿ ಆರೋ ಪಟ್ಟಣದಿಂದ ಬೆಟ್ಟದ ಮೇಲಿನ ಲಾಗ್ವಾರ್ದಿಯಾಗೆ ಸುಮಾರು 30 ಕಿ.ಮೀ. ‘ಅಷ್ಟೇನಾ?’ ಅನ್ನಬೇಡಿ, ಏರು ಶುರುವಾದ್ಮೇಲೆ ಗೊತ್ತಾಗುತ್ತೆ!

ಬ್ರಿಯೋನೆಸ್ ದಾಟಿ, ಎಬ್ರೋ ನದಿ ಹಾದರೆ ಸಾನ್ ವಿಸೆಂತೆ. ಅಲ್ಲಿಂದ ಎಡಕ್ಕೆ ಕಾಂತಾಬ್ರಿಯಾ ಬೆಟ್ಟಸಾಲು, ಬಲಕ್ಕೆ ದ್ರಾಕ್ಷಿತೋಟ. ಹಳೇ ತೋಟಗಳಲ್ಲಿ ನಮ್ಮಲ್ಲಿನಂತೆ ಚಪ್ಪರವಿಲ್ಲ. ಬಳ್ಳಿಗಳು ಕುಳ್ಳ ಪೊದೆಗಳಂತೆ ನಿಂತಿರುತ್ತವೆ. ನೆರಳು ಕಮ್ಮಿ. ಮಧ್ಯಾಹ್ನ ಹಳ್ಳಿ ಅಂಗಡಿಗಳೂ ಬಾಗಿಲು ಹಾಕುತ್ತವೆ. ನೀರು ಬೆಳಗ್ಗೆಯೇ ತುಂಬಿಕೊಳ್ಳಿ.

ನನಗೆ ಹಿಡಿಸಿದ್ದು ಬೇರೆಯೇ. ತಿರುವೊಂದರಲ್ಲಿ ಲಾರಿಯೊಂದು ಹಾರ್ನ್ ಮಾಡದೆ ನನ್ನ ಹಿಂದೆಯೇ ನಿಧಾನವಾಗಿ ಬಂತು. ಸೈಕಲ್ ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕೆಂಬುದು ಅಲ್ಲಿನ ಕಾನೂನು. ಮೊಣಕೈಗೆ ತಾಗುವಷ್ಟು ಹತ್ತಿರ ಬಸ್ಸು ನುಗ್ಗೋದನ್ನ ಬೆಂಗಳೂರಲ್ಲಿ ದಿನಾ ನೋಡೋ ನನಗೆ ಅದೇ ದೊಡ್ಡ ಸುಖ!

ಕಾನೂನು ನಮಗೂ ಇದೆ. ಊರಾಚೆ ರಸ್ತೆಯಲ್ಲಿ ಹೆಲ್ಮೆಟ್ ಬೇಕು. ಕುಡಿದು ಸೈಕಲ್ ಹೊಡೆದರೂ ದಂಡ ಬೀಳುತ್ತೆ. ಹಾಗಾಗಿ ದಾರಿಯುದ್ದಕ್ಕೂ ವೈನ್ ಮನೆಗಳಿದ್ದರೂ ನಾನು ಕುಡಿದದ್ದು ನೀರೇ.

ಲಾಗ್ವಾರ್ದಿಯಾದ ಕೋಟೆಯೊಳಗೆ ಕಾರುಗಳ ಓಡಾಟವಿಲ್ಲ; ಬೀದಿಗಳ ಕೆಳಗೆಲ್ಲ ಹಳೇ ವೈನ್ ನೆಲಮಾಳಿಗೆಗಳು. ಸೈಕಲ್ಲಿಗೆ ಬೀಗ ಹಾಕಿ, ರೂಮಿನ ಕೀಲಿ ಕೈಗೆ ಬಂದ ಮೇಲೆ ಅಲ್ಲಿಗಿಳಿಯಿರಿ. ಮೊದಲ ಗುಟುಕಿಗೆ ಅದೇ ಸರಿಯಾದ ಜಾಗ.